ಸರ್ವೆ ಫಾರಂನಲ್ಲಿ ಎಲ್ಲರೂ ‘ಇಲ್ಲ’ ಅಂತ ಟಿಕ್ ಹಾಕಿದರು. ನಂಬೋದಾ?

ಗಂಗಾವತಿ ಮೇಷ್ಟ್ರು

ಕಳೆದ ವಾರ ನಮ್ಮ ಪಿಯು ಕಾಲೇಜಿಗೆ ಒಂದು ಸರ್ವೆ ಬಂದಿತ್ತು. ಹರೆಯದವರ ಊಟ, ನಿದ್ದೆ, ಆಟ, ಚಟ ಎಲ್ಲ ಸೇರಿ ಎಂಟು ಪುಟ. ತಂದವರು ಇಬ್ಬರು ಹುಡುಗಿಯರು, ಸಮಾಜಕಾರ್ಯದಲ್ಲಿ ಎಂ.ಎಸ್.ಡಬ್ಲ್ಯೂ ಓದುತ್ತಿರುವವರು. ಪಾಪ, ಆ ಬಿಸಿಲಲ್ಲಿ ಬಸ್ ಸ್ಟ್ಯಾಂಡಿನಿಂದ ನಡೆದೇ ಬಂದಿದ್ದರು. ನಾನು ಕಾಮರ್ಸ್ ಪಾಠ ಮಾಡುವವನು. ಪಿರಿಯಡ್ ನನ್ನದಿತ್ತು, ಹಾಗಾಗಿ ನಾನೇ ನಿಂತೆ.

62 ಹುಡುಗರು, ಬೆಂಚಿಗೆ ನಾಲ್ಕು ಜನ, ಮೊಣಕೈಗೆ ಮೊಣಕೈ ತಾಗುತ್ತದೆ. ಫಾರಂನಲ್ಲಿ ಹೆಸರು ಕೇಳಿರಲಿಲ್ಲ. ಆದರೆ ಯಾರದು ಬಂತು, ಯಾರದು ಬಂದಿಲ್ಲ ಅಂತ ಲೆಕ್ಕ ಸಿಗಲಿ ಎಂದು ನಮ್ಮ ಕಡೆಯಿಂದಲೇ ಮೂಲೆಯಲ್ಲಿ ರೋಲ್ ನಂಬರ್ ಬರೆಸಿದೆವು. ನಾನು ಪರೀಕ್ಷೆಯಲ್ಲಿ ಓಡಾಡುವ ಹಾಗೆ ಬೆಂಚುಗಳ ನಡುವೆ ಓಡಾಡುತ್ತಿದ್ದೆ. ಕಾಲಿಗೆ ಅಂಟಿದ ಅಭ್ಯಾಸ.

ಊಟ, ನಿದ್ದೆಯ ಪುಟಗಳಲ್ಲಿ ಎಲ್ಲರೂ ತಲೆ ಕೆರೆದುಕೊಂಡು ಬರೆಯುತ್ತಿದ್ದರು. ಚಟದ ಪ್ರಶ್ನೆಗಳ ಐದನೇ ಪುಟ ಬಂತು ನೋಡಿ, ಪೆನ್ನು ಸರಸರ ಓಡಿತು. ಇಲ್ಲ, ಇಲ್ಲ, ಇಲ್ಲ. ಒಂದು ನಿಮಿಷದಲ್ಲಿ ಎರಡು ಪುಟ ಮುಗಿದವು. ಕೊನೆ ಬೆಂಚಿನವನೊಬ್ಬ ಮಾತ್ರ ಎದ್ದು ನಿಂತು ಮೆಲ್ಲಗೆ ಕೇಳಿದ: “ಸರ್, ಅಡಿಕಿ ಚೀಟಿಗೆ ಇನ್ನೊಂದು ಸಣ್ಣ ಚೀಟಿ ಸೇರಿಸ್ಕೋತಾರಲ್ಲ, ಅದು ತಂಬಾಕಾ?” ಇಡೀ ಕ್ಲಾಸ್ ನಕ್ಕಿತು. ಅವನು ನನ್ನ ಮುಖ ನೋಡಿದ, ಕೂತ, ‘ಇಲ್ಲ’ಕ್ಕೆ ಟಿಕ್ ಹಾಕಿದ.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಸುಮ್ನೆ ಕುತೂಹಲಕ್ಕೆ ಎಣಿಸಿದೆವು. ತಂಬಾಕು 62ರಲ್ಲಿ ಸೊನ್ನೆ. ಕುಡಿತ ಸೊನ್ನೆ. ಕಿಟಕಿಯಿಂದ ಆಚೆ ನೋಡಿದರೆ ಕಾಂಪೌಂಡ್ ಗೋಡೆಯ ಬುಡವೆಲ್ಲ ಕೆಂಪು.

ಇಂಥ ಸರ್ವೆಗಳಿಂದ ಏನಾದರೂ ಗೊತ್ತಾಗುತ್ತದಾ? ತಿಳಿದವರು ಹೇಳಿ.

ಕೋಟೆ ಬೀದಿ, ಬಳ್ಳಾರಿ

ಸೊನ್ನೆ ಬಂತಾ? ಹಾಗಾದರೆ ನಿಮ್ಮದು ರಾಜ್ಯಕ್ಕಿಂತ ಒಳ್ಳೆಯ ಕಾಲೇಜು ಸರ್. 13ರಿಂದ 15 ವರ್ಷದ ಶಾಲಾ ಮಕ್ಕಳ ಮೇಲೆ 2019ರಲ್ಲಿ ದೇಶದ ತಂಬಾಕು ಸರ್ವೆ ಆಯಿತಲ್ಲ, ಅದರಲ್ಲಿ ಕರ್ನಾಟಕದ್ದು ಶೇ 1.2. ದೇಶದ್ದು ಶೇ 8.5. ಅರುಣಾಚಲ, ಮಿಜೋರಾಂ ಕಡೆ ಶೇ 58. ನಮಗಿಂತ ಕಡಿಮೆ ಹಿಮಾಚಲ ಒಂದೇ. ಆ 1.2 ಓದಿದ ದಿನ ನಾನು ನಮ್ಮ ಬೀದಿಯ ತುದಿಗೆ ಹೋಗಿ ಪಾನ್ ಅಂಗಡಿ ಮುಂದೆ ಹತ್ತು ನಿಮಿಷ ನಿಂತು ಬಂದೆ. ನಗು ಬಂತು.

ಪಿಜಿ ಡಾಕ್ಟರಮ್ಮ

ನಾನು ಕಮ್ಯುನಿಟಿ ಮೆಡಿಸಿನ್ ಓದುತ್ತಿದ್ದೇನೆ, ಊರು ಹೊಸಪೇಟೆ. ಮೊದಲು ಮೇಷ್ಟ್ರಿಗೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಆ ಫಾರಂಗಳನ್ನು ನೀವು ಯಾಕೆ ಎಣಿಸಿದಿರಿ ಸರ್? ಅವು ನಿಮ್ಮ ಕೈಗೆ ಬರಲೇಬಾರದಿತ್ತು. ರೋಲ್ ನಂಬರ್ ಬರೆಸಿದ ಗಳಿಗೆಯಲ್ಲೇ ಆ ಸರ್ವೆ ಕೆಟ್ಟುಹೋಯಿತು. ವೈದ್ಯಕೀಯ ಸಂಶೋಧನೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಐಸಿಎಂಆರ್‌ನ 2017ರ ನಿಯಮಾವಳಿ ಪ್ರಕಾರ 18 ತುಂಬದವರಿದ್ದರೆ ತಂದೆತಾಯಿ ಒಪ್ಪಬೇಕು, ಜೊತೆಗೆ ಮಕ್ಕಳೂ ಒಪ್ಪಬೇಕು. 12 ದಾಟಿದ್ದರೆ ಅವರ ಒಪ್ಪಿಗೆ ಬರಹದಲ್ಲೇ ಇರಬೇಕು. ‘ನನಗೆ ಬೇಡ’ ಎಂದು ಎದ್ದುಹೋಗುವ ಅವಕಾಶ ಇರಬೇಕು. ಮೇಷ್ಟ್ರು ನಿಂತಿರುವ ಕ್ಲಾಸಿನಿಂದ ಯಾವ ಹುಡುಗ ಎದ್ದು ಹೋಗುತ್ತಾನೆ ಹೇಳಿ?

ಇನ್ನು 1.2ರ ಮಾತು. ಅದನ್ನು ನೋಡಿ ನಗುವುದಕ್ಕಿಂತ ಮುಂಚೆ ಅದು ಏನನ್ನು ಎಣಿಸಿದೆ ಎಂದು ನೋಡಬೇಕು. ಕಳೆದ 30 ದಿನದಲ್ಲಿ ಒಮ್ಮೆಯಾದರೂ ತಂಬಾಕು ಮುಟ್ಟಿದ್ದೀರಾ ಎಂಬುದು ಪ್ರಶ್ನೆ. ಕೇಳಿದ್ದು ಶಾಲೆಗೆ ಬಂದ ಮಕ್ಕಳನ್ನು, ಅದೂ ಅವತ್ತು ಹಾಜರಿದ್ದವರನ್ನು. ದೇಶದಲ್ಲಿ ಒಟ್ಟು 987 ಶಾಲೆಯಲ್ಲಿ ಕೇಳಿದ್ದರು. ಆ ಸಂಖ್ಯೆ ರಾಜ್ಯಕ್ಕೆ ಸೇರಿದ್ದು, ಬಳ್ಳಾರಿಯದು ಇಷ್ಟು, ರಾಯಚೂರಿನದು ಅಷ್ಟು ಅಂತ ಅದರಲ್ಲಿ ಸಿಗುವುದಿಲ್ಲ. ಶಾಲೆ ಬಿಟ್ಟು ಗ್ಯಾರೇಜಿನಲ್ಲಿರುವ ಹುಡುಗ, ಬಳ್ಳಾರಿ ಜೀನ್ಸ್ ಘಟಕದಲ್ಲಿ ದಾರ ಕತ್ತರಿಸುವವನು, ಅಪ್ಪ ಅಮ್ಮನ ಜೊತೆ ಬೆಂಗಳೂರಿಗೆ ಗುಳೆ ಹೋದವನು, ಇವರ್‍ಯಾರೂ ಅದರಲ್ಲಿಲ್ಲ. ಆದರೆ ಇದೇ ಪ್ರಶ್ನೆಯನ್ನು ಇದೇ ರೀತಿ ಮತ್ತೆ ಮತ್ತೆ ಕೇಳಿದಾಗ ಏರಿತಾ ಇಳಿಯಿತಾ ತಿಳಿಯುತ್ತದೆ. ಬೆಲೆ ಇರುವುದು ಅದಕ್ಕೆ.

ಗಂಗಾವತಿ ಮೇಷ್ಟ್ರು

ಎಣಿಸಿದ್ದು ತಪ್ಪು, ಒಪ್ಪಿದೆ. ಬೈಗುಳ ಸರಿಯಾಗಿಯೇ ಬಿತ್ತು.

ಹಾಸ್ಟೆಲ್ ಹುಡುಗ

ಸರ್, ನಾನು ಬಳ್ಳಾರಿಯಲ್ಲಿ ಡಿಗ್ರಿ ಎರಡನೇ ವರ್ಷ. ಪಿಯುನಲ್ಲಿದ್ದಾಗ ನಮಗೂ ಇಂಥದ್ದೇ ಫಾರಂ ಕೊಟ್ಟಿದ್ದರು. ನಾನೂ ಎಲ್ಲದಕ್ಕೂ ‘ಇಲ್ಲ’ ಹಾಕಿದವನೇ. ಹಾಕುವಾಗ ಬಾಯಲ್ಲಿ ತಂಬಾಕು ಇತ್ತು. ತಮಾಷೆ ಅಲ್ಲ, ನಿಜ.

ಯಾಕೆ ಸುಳ್ಳು ಹೇಳಿದೆ ಅಂದರೆ, ಹಿಂದಿನ ತಿಂಗಳಷ್ಟೇ ಒಬ್ಬನ ಬ್ಯಾಗಿನಲ್ಲಿ ಸಿಗರೇಟ್ ಸಿಕ್ಕು ಅವನ ಅಪ್ಪನನ್ನು ಕರೆಸಿದ್ದರು. ಅವನ ಅಪ್ಪ ಹಮಾಲಿ ಮಾಡುವವರು. ಎಲ್ಲರ ಮುಂದೆ ಕೈಮುಗಿದು ನಿಂತಿದ್ದರು. ಅದನ್ನು ನೋಡಿದ ಮೇಲೆ ಯಾರು ನಿಜ ಬರೆಯುತ್ತಾರೆ?

ಶುರು ಮಾಡಿದ್ದು ಯಾವಾಗ ಎಂದೂ ಕೇಳಿದ್ದರು. ನಮ್ಮದು ರಾಯಚೂರು ಜಿಲ್ಲೆಯ ಹಳ್ಳಿ. ಏಳನೇ ಕ್ಲಾಸಿನಲ್ಲಿ ಹತ್ತಿ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದೆ. ಬೀಜದ ಹತ್ತಿ ಹೂವಿಗೆ ಒಂದೊಂದಕ್ಕೂ ಕೈಯಲ್ಲೇ ಪರಾಗ ಹಚ್ಚುವ ಕೆಲಸ. ಬೆಳಿಗ್ಗೆ ಬೇಗ ಹೋಗಬೇಕು, ಹೊಟ್ಟೆ ಖಾಲಿ. ಜೊತೆಗಿದ್ದ ದೊಡ್ಡವರು ‘ಬಾಯಾಗ ಇಟ್ಕೋಲೇ, ಹಸಿವು ಆಗಂಗಿಲ್ಲ’ ಎಂದು ಕೊಟ್ಟರು. ಹಸಿವು ಆಗಲಿಲ್ಲ ನಿಜ. ಆ ಫಾರಂನಲ್ಲಿ ಯಾರಿಂದ ಕಲಿತಿರಿ ಎಂಬ ಪ್ರಶ್ನೆಗೆ ಇದ್ದ ಉತ್ತರ ಎರಡೇ: ಗೆಳೆಯರಿಂದ, ಸಿನಿಮಾದಿಂದ.

ಪಿಜಿ ಡಾಕ್ಟರಮ್ಮ

ತಮ್ಮಾ, ನೀನು ಬರೆದಿದ್ದು ಆ 2019ರ ಸರ್ವೆಯ ಇನ್ನೊಂದು ಸಂಖ್ಯೆಯ ಪಕ್ಕ ಇಡುವ ಹಾಗಿದೆ. ಜಗಿಯುವ ತಂಬಾಕು ಬಳಸುವ ಮಕ್ಕಳಲ್ಲಿ ಶೇ 52ರಷ್ಟು ಜನ ಹತ್ತು ವರ್ಷ ತುಂಬುವ ಮೊದಲೇ ಶುರು ಮಾಡಿದ್ದರು. ಬೀಡಿಯಲ್ಲಿ ಶೇ 47, ಸಿಗರೇಟಿನಲ್ಲಿ ಶೇ 38. ಹತ್ತು ವರ್ಷದ ಮಗುವಿಗೆ ಕೊಡುವವರು ಗೆಳೆಯರಷ್ಟೇ ಆಗಿರಲಾರರು, ಮನೆಯವರು, ಹೊಲದವರೂ ಇರಬೇಕು.

ಈಗ ಬಿಟ್ಟಿದ್ದೀಯಾ?

ಹಾಸ್ಟೆಲ್ ಹುಡುಗ

ಎರಡು ಸಲ ಬಿಟ್ಟೆ ಮೇಡಂ.

ಸಿಂಧನೂರು ಕಾರ್ನರ್

ನಾನು ಪಾನ್ ಅಂಗಡಿಯವನು. ಬೈಯುವುದಿದ್ದರೆ ಈಗಲೇ ಬೈದುಬಿಡಿ, ಆಮೇಲೆ ಮಾತಾಡೋಣ.

ಆ ಹುಡುಗ ಕೇಳಿದ ಸಣ್ಣ ಚೀಟಿಯ ಕಥೆ ನಾನು ಹೇಳುತ್ತೇನೆ. ಗುಟ್ಕಾ 2013ರಲ್ಲಿ ನಮ್ಮ ರಾಜ್ಯದಲ್ಲಿ ಬಂದ್ ಆಯಿತು. ಆಹಾರ ಪದಾರ್ಥದಲ್ಲಿ ತಂಬಾಕು ಬೆರೆಸಬಾರದು ಎಂಬ ನಿಯಮದ ಮೇಲೆ ಮಾಡಿದ್ದು. ಕಂಪನಿಗಳು ಏನು ಮಾಡಿದವು? ಅಡಿಕೆ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ. ಬೆರೆಸುವ ಕೆಲಸ ಗಿರಾಕಿಯ ಅಂಗೈಗೆ ಬಿಟ್ಟರು. ದೊಡ್ಡ ಚೀಟಿಯ ಮೇಲೆ ‘ತಂಬಾಕು ಇಲ್ಲ’ ಎಂದೇ ಬರೆದಿರುತ್ತದೆ. ಹುಡುಗನಿಗೆ ಗೊಂದಲ ಆಗದೆ ಇನ್ನೇನು?

ವಯಸ್ಸಿನ ಮಾತು. 2025ರಿಂದ ನಮ್ಮ ರಾಜ್ಯದಲ್ಲಿ 21 ತುಂಬದವರಿಗೆ ಮಾರುವಂತಿಲ್ಲ. ಶಾಲೆ ಕಾಲೇಜಿನಿಂದ 100 ಮೀಟರ್ ಒಳಗೆ ಇಡುವಂತಿಲ್ಲ. ಸಿಗರೇಟು ಬಿಡಿ ಮಾರುವಂತಿಲ್ಲ. ದಂಡ 1000 ರೂಪಾಯಿವರೆಗೆ. ಬೋರ್ಡ್ ಹಾಕಿದ್ದೇನೆ. ಆದರೆ ಎಂಟು ವರ್ಷದ ಹುಡುಗ ಬಂದು ‘ಅಪ್ಪಗ ಬೇಕಂತ, ಎರಡು ಕೊಡು’ ಎನ್ನುತ್ತಾನೆ. ಅವನ ಅಪ್ಪ ರಸ್ತೆಯ ಆಚೆ ಗಾಡಿ ಮೇಲೆ ಕೂತು ಕೈ ಎತ್ತುತ್ತಾನೆ. ನಾನು ಏನು ಮಾಡಲಿ? ಮೊದಲು ಕೊಡುತ್ತಿದ್ದೆ, ಸುಳ್ಳು ಹೇಳಲ್ಲ. ಈಗ ‘ಅಪ್ಪಗ ಬಾ ಅನ್ನು’ ಎಂದು ಕಳಿಸುತ್ತೇನೆ. ಮೂರು ಗಿರಾಕಿ ಹೋದರು.

ಮತ್ತೆ, ನಿಮ್ಮ ಸರ್ವೆಯವರು ಕೇಳದ ಒಂದು ವಿಷಯ. ಹುಡುಗರು ಈಗ ಜಾಸ್ತಿ ಕೊಳ್ಳುವುದು ತಂಬಾಕಲ್ಲ. ಇಪ್ಪತ್ತು ರೂಪಾಯಿಯ ಕೆಂಪು ಬಾಟಲಿ, ಎನರ್ಜಿ ಡ್ರಿಂಕ್. ಪರೀಕ್ಷೆ ಸಮಯದಲ್ಲಿ ಒಬ್ಬೊಬ್ಬ ಮೂರು ಒಯ್ಯುತ್ತಾನೆ.

ಕೋಟೆ ಬೀದಿ, ಬಳ್ಳಾರಿ

ಸೆಕ್ಷನ್ 77 ಗೊತ್ತಾ ಅಣ್ಣ? ಬಾಲನ್ಯಾಯ ಕಾಯ್ದೆ, 2015. 18 ತುಂಬದ ಮಕ್ಕಳಿಗೆ ತಂಬಾಕೋ ಹೆಂಡವೋ ಕೊಟ್ಟರೆ ಏಳು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. 1000 ರೂಪಾಯಿ ಅಂತ ಕೂತಿದ್ದೀರಿ.

ಸಿಂಧನೂರು ಕಾರ್ನರ್

ಗೊತ್ತಿರಲಿಲ್ಲ. ಗೋಡೆಗೆ ಇದನ್ನೇ ಬರೆಸುತ್ತೇನೆ. ಅಪ್ಪಂದಿರಿಗೂ ಅನ್ವಯ ಆಗುತ್ತದಾ? ಆದರೆ ದೊಡ್ಡ ಅಕ್ಷರದಲ್ಲಿ ಬರೆಸಬೇಕು.

ಪಿಜಿ ಡಾಕ್ಟರಮ್ಮ

‘ಯಾರೇ ಕೊಟ್ಟರೂ’ ಎಂದಿದೆ ಅಣ್ಣ. ಡಾಕ್ಟರ ಚೀಟಿ ಮೇಲೆ ಕೊಡುವ ಔಷಧಿಗೆ ಮಾತ್ರ ವಿನಾಯಿತಿ.

ಕೆಂಪು ಬಾಟಲಿ ವಿಷಯ ಎತ್ತಿದ್ದು ಒಳ್ಳೆಯದಾಯಿತು. ಲೀಟರಿಗೆ 145ರಿಂದ 300 ಮಿಲಿಗ್ರಾಂ ಕೆಫೀನ್ ಇರುವ ಪಾನೀಯಗಳು ಇವು, ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿ ಅದು. ಮಕ್ಕಳಿಗಲ್ಲ, ಬಸುರಿಯರಿಗಲ್ಲ ಎಂದು ಲೇಬಲ್ ಮೇಲೆ ಬರೆದಿರಲೇಬೇಕು. ಓದಲು ಭೂತಗನ್ನಡಿ ಬೇಕು ಅಷ್ಟೇ. ರಾತ್ರಿ ಹತ್ತಕ್ಕೆ ಇದನ್ನು ಕುಡಿದು, ಎರಡರವರೆಗೆ ಫೋನ್ ನೋಡಿ, ಬೆಳಿಗ್ಗೆ ಏನೂ ತಿನ್ನದೆ ಬಂದ ಹುಡುಗ ಕ್ಲಾಸಿನಲ್ಲಿ ತೂಕಡಿಸುತ್ತಾನೆ. ಮೇಷ್ಟ್ರು ‘ಇವನು ಏನೋ ಹಾಕಿದ್ದಾನೆ’ ಎಂದುಕೊಳ್ಳುತ್ತಾರೆ. ಹರೆಯದಲ್ಲಿ ಎಂಟು ತಾಸು ನಿದ್ದೆ ಬೇಕೇ ಬೇಕು.

ಹಾಸ್ಟೆಲ್ ಹುಡುಗ

ಊಟದ ಪ್ರಶ್ನೆಯೂ ಹಾಗೇ ಇತ್ತು ಮೇಡಂ. ‘ವಾರದಲ್ಲಿ ಎಷ್ಟು ದಿನ ಹಣ್ಣು ತಿನ್ನುತ್ತೀರಿ?’ ಹಾಸ್ಟೆಲ್‌ನಲ್ಲಿ ಬುಧವಾರ ಬಾಳೆಹಣ್ಣು. ಆಯ್ತಲ್ಲ, ಒಂದು ದಿನ. ಬೆಳಿಗ್ಗೆ ಒಗ್ಗಾಣಿ ಮಿರ್ಚಿ ಎಷ್ಟು ದಿನ ಎಂದು ಕೇಳಿದ್ದರೆ ಏಳೂ ದಿನ ಎಂದು ಖುಷಿಯಿಂದ ಬರೆಯುತ್ತಿದ್ದೆ. ‘ನೀವು ಪಿಜ್ಜಾ, ಬರ್ಗರ್ ಸೇವಿಸುತ್ತೀರಾ’ ಎಂದೂ ಇತ್ತು. ನಮ್ಮ ಹಳ್ಳಿಯ ಹುಡುಗರು ಅದಕ್ಕೂ ‘ಇಲ್ಲ’. ಆ ಒಂದು ‘ಇಲ್ಲ’ ಮಾತ್ರ ಅಪ್ಪಟ ಸತ್ಯ.

ಆಶಾ ಅಕ್ಕ, ರಾಯಚೂರು ಕಡೆ

ನಾನು ಹದಿನಾಲ್ಕು ವರ್ಷದಿಂದ ಆಶಾ. ಸರ್ವೆ ಅಂದರೆ ನಮ್ಮ ತಲೆ ಮೇಲೇ ಬರುತ್ತವೆ, ಹಾಗಾಗಿ ನಾನೂ ಎರಡು ಮಾತು ಬರೆಯುತ್ತೇನೆ.

ಒಂದು ಸಲ ಮನೆಮನೆಗೆ ಹೋಗಿ ‘ನಿಮ್ಮ ಮನೆಯಲ್ಲಿ ಯಾರಾದರೂ ಮದ್ಯಪಾನ ಮಾಡುತ್ತಾರಾ’ ಎಂದು ಕೇಳಬೇಕಿತ್ತು. ಒಬ್ಬ ಅಜ್ಜಿ ‘ಇಲ್ಲವ್ವಾ, ನಮ್ಮ ಮನ್ಯಾಗ ಅಂಥೋರು ಯಾರೂ ಇಲ್ಲ’ ಎಂದಳು. ಅವಳ ಪಕ್ಕದಲ್ಲಿ ಪ್ಲಾಸ್ಟಿಕ್ ಕ್ಯಾನ್ ಇತ್ತು, ಅದರಲ್ಲಿ ಸೇಂದಿ. ಸುಳ್ಳು ಹೇಳಲಿಲ್ಲ ಆಕೆ. ನಮ್ಮ ಕಡೆ ಸೇಂದಿಗೆ ಯಾರೂ ಮದ್ಯ ಎನ್ನುವುದಿಲ್ಲ. ಮದ್ಯ ಅಂದರೆ ಬಾಟಲಿ. ಸೇಂದಿ ಅಂದರೆ ತಂಪು. ಬಿಸಿಲಿಗೆ ಒಳ್ಳೆಯದು ಎಂದು ಮಕ್ಕಳಿಗೂ ಒಂದು ಗುಟುಕು ಕೊಡುತ್ತಾರೆ.

ಮರದಿಂದ ಇಳಿಸಿದ ಸೇಂದಿ ಆದರೆ ಬೇರೆ ಮಾತು. ಈಗ ಬರುವುದರಲ್ಲಿ ಮರ ಎಲ್ಲಿದೆ? ನೀರು, ಸಕ್ಕರೆ, ಸಿಎಚ್ ಪೌಡರ್. ಒಂದು ವರ್ಷ ಊರಲ್ಲಿ ದಾಳಿ ಮಾಡಿ ಎಲ್ಲ ಚೆಲ್ಲಿಸಿದರು. ಒಳ್ಳೆಯದೇ ಆಯಿತು ಎಂದುಕೊಂಡೆವು. ಎರಡನೇ ದಿನ ರಾತ್ರಿ ಹದಿನೇಳರ ಹುಡುಗನೊಬ್ಬ ಕೈ ನಡುಗಿಸುತ್ತ, ಗೋಡೆ ಮೇಲೆ ಇಲ್ಲದ್ದೆಲ್ಲ ಕಾಣುತ್ತಿದೆ ಎಂದು ಚೀರಿ, ಫಿಟ್ಸ್ ಬಂದು ಬಿದ್ದ. ದೆವ್ವ ಎಂದು ಮೊದಲು ಗುಡಿಗೆ ಒಯ್ದರು. ನಾನು ಜಗಳ ಮಾಡಿ ಆಂಬುಲೆನ್ಸ್ ಕರೆಸಿದೆ. ಉಳಿದ. ಯಾವ ಫಾರಂನಲ್ಲೂ ಅವನು ‘ಹೌದು’ ಆಗಿರಲಿಲ್ಲ.

ಪಿಜಿ ಡಾಕ್ಟರಮ್ಮ

ಅಕ್ಕಾ, ನೀವು ಮಾಡಿದ್ದು ಸರಿ. ಸಿಎಚ್ ಅಂದರೆ ಕ್ಲೋರಲ್ ಹೈಡ್ರೇಟ್. ಹಳೇ ಕಾಲದ ನಿದ್ದೆ ಔಷಧಿ. ದಿನಾ ಕುಡಿದವರ ಮೆದುಳು ಅದಕ್ಕೆ ಒಗ್ಗಿರುತ್ತದೆ. ಒಮ್ಮೆಲೇ ನಿಂತರೆ ಮೆದುಳಿಗೆ ಬ್ರೇಕ್ ತಪ್ಪಿದ ಹಾಗೆ: ನಡುಕ, ಭ್ರಮೆ, ಫಿಟ್ಸ್, ಸಾವೂ ಬರಬಹುದು. ಬೆಂಜೋ ಎಂದು ಕರೆಯುವ ನಿದ್ದೆ ಮಾತ್ರೆ, ವಿಪರೀತ ಕುಡಿತ, ಇವಕ್ಕೂ ಇದೇ ಮಾತು. ತಂಬಾಕನ್ನು ಇವತ್ತೇ ಎಸೆದರೆ ಪ್ರಾಣಕ್ಕೇನೂ ಆಗುವುದಿಲ್ಲ, ಸಿಡುಕು ಬರುತ್ತದೆ ಅಷ್ಟೇ. ಇವನ್ನು ಮಾತ್ರ ಡಾಕ್ಟರ ಕಣ್ಣೆದುರು ಇಳಿಸುತ್ತ ಬಿಡಬೇಕು. ದಾಳಿ ಮಾಡುವ ದಿನ ಊರಿಗೆ ಒಬ್ಬ ಡಾಕ್ಟರೂ ಬರಬೇಕು ಎಂದು ನನ್ನ ಅಭಿಪ್ರಾಯ.

ಮನೆಮನೆ ಸರ್ವೆಯಲ್ಲಿ ಇಂಥವರು ಸಿಗುವುದಿಲ್ಲ ಎಂದು ಗೊತ್ತಿದ್ದೇ ಏಮ್ಸ್‌ನವರು ದೇಶದ ದೊಡ್ಡ ಮಾದಕ ಸರ್ವೆಯಲ್ಲಿ ಎರಡು ದಾರಿ ಹಿಡಿದರು. ಅದರ ವರದಿ ಬಂದದ್ದು 2019ರಲ್ಲಿ. 2 ಲಕ್ಷ ಮನೆಗೆ ಹೋದದ್ದು ಒಂದು ದಾರಿ. ಇನ್ನೊಂದು, ಚಟ ಇರುವ ಒಬ್ಬನಿಗೆ ಕೂಪನ್ ಕೊಟ್ಟು ‘ನಿನ್ನಂಥವರನ್ನು ಕರೆದುಕೊಂಡು ಬಾ’ ಎನ್ನುವುದು. ಅವನು ತಂದವನಿಗೆ ಮತ್ತೆ ಕೂಪನ್. ಹೀಗೆ ಕೊಂಡಿ ಹಿಡಿದು 70 ಸಾವಿರಕ್ಕಿಂತ ಜಾಸ್ತಿ ಜನರನ್ನು ಮಾತಾಡಿಸಿದರು. ಅದೇ ವರದಿಯಲ್ಲಿ ನನ್ನನ್ನು ಹೆದರಿಸಿದ್ದು ಮೂಸುವ ಚಟ, ಅಂದರೆ ಪಂಕ್ಚರ್ ಸೊಲ್ಯೂಷನ್, ವೈಟ್ನರ್ ಥರದ್ದು. 10ರಿಂದ 17 ವರ್ಷದವರಲ್ಲಿ ಶೇ 1.17, ದೊಡ್ಡವರಲ್ಲಿ ಶೇ 0.58. ದೊಡ್ಡವರಿಗಿಂತ ಮಕ್ಕಳಲ್ಲೇ ಜಾಸ್ತಿ ಇರುವ ಚಟ ಅದೊಂದೇ.

ಸಂಡೂರಿನವ, ಈಗ ಬೆಂಗಳೂರು

ಇದೆಲ್ಲ ಓದಿ ಐಸ್‌ಲ್ಯಾಂಡ್ ನೆನಪಾಯಿತು. 1998ರಲ್ಲಿ ಅಲ್ಲಿ 15-16 ವರ್ಷದವರಲ್ಲಿ ಶೇ 42 ಜನ ಹಿಂದಿನ ತಿಂಗಳಲ್ಲಿ ಒಮ್ಮೆಯಾದರೂ ಕುಡಿದು ತೂರಾಡಿದ್ದರು. 2016ಕ್ಕೆ ಅದು ಶೇ 5. ದಿನಾ ಸಿಗರೇಟು ಸೇದುವವರು ಶೇ 23ರಿಂದ 3ಕ್ಕೆ ಇಳಿದರು. ಅವರು ಭಾಷಣ ಮಾಡಲಿಲ್ಲ. ಮಕ್ಕಳಿಗೆ ಆಟ, ಸಂಗೀತಕ್ಕೆ ದುಡ್ಡು ಕೊಟ್ಟರು. ಅಪ್ಪ ಅಮ್ಮಂದಿರು ಸೇರಿ ಒಪ್ಪಂದ ಮಾಡಿಕೊಂಡರು. ರಾತ್ರಿ ಹೊತ್ತಾದ ಮೇಲೆ ಮಕ್ಕಳು ಹೊರಗೆ ಇರಬಾರದೆಂದು ಕಾನೂನು ಮಾಡಿದರು. ಮುಖ್ಯ ಏನು ಅಂದರೆ, ಸರ್ವೆ ಮುಗಿದ ಕೆಲವೇ ವಾರದಲ್ಲಿ ಆಯಾ ಊರಿನ ಫಲಿತಾಂಶ ಆಯಾ ಊರಿನ ಕೈಗೆ ಕೊಟ್ಟರು.

ಕೋಟೆ ಬೀದಿ, ಬಳ್ಳಾರಿ

ಸುಮಾರು ನಾಲ್ಕು ಲಕ್ಷ ಜನರ ದೇಶ ಅಣ್ಣ ಅದು. 2011ರ ಜನಗಣತಿಯಲ್ಲಿ ಕೊಪ್ಪಳ ಒಂದು ಜಿಲ್ಲೆಯೇ ಸುಮಾರು 14 ಲಕ್ಷ. ಮತ್ತೆ ಏಪ್ರಿಲ್‌ನಲ್ಲಿ ಸಂಜೆ ಐದಕ್ಕೆ ರಾಯಚೂರಿನ ಮೈದಾನಕ್ಕೆ ಆಡಲು ಹೋಗಿ ನೋಡಿ, ಚೆಂಡೇ ಕರಗುತ್ತದೆ.

ಸಂಡೂರಿನವ, ಈಗ ಬೆಂಗಳೂರು

ಮೈದಾನ ಬಿಡಿ. ಫಲಿತಾಂಶ ವಾಪಸ್ ಕೊಡುವುದಕ್ಕೂ ಬಿಸಿಲು ಅಡ್ಡ ಬರುತ್ತದಾ?

ಆಶಾ ಅಕ್ಕ, ರಾಯಚೂರು ಕಡೆ

ಅದೇ ನನ್ನ ಮಾತೂ. ಹದಿನಾಲ್ಕು ವರ್ಷದಲ್ಲಿ ನಾನು ತುಂಬಿದ ಫಾರಂಗಳನ್ನು ಜೋಡಿಸಿದರೆ ನನ್ನ ಮನೆ ಮಾಳಿಗೆ ಮುಟ್ಟುತ್ತವೆ. ‘ಅಕ್ಕಾ, ನಿಮ್ಮೂರಲ್ಲಿ ಇಷ್ಟು ಇದೆ, ಹೀಗೆ ಇದೆ’ ಎಂದು ಒಬ್ಬರೂ ಬಂದು ಹೇಳಿಲ್ಲ.

ಗಂಗಾವತಿ ಮೇಷ್ಟ್ರು

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ಆ ಎಂ.ಎಸ್.ಡಬ್ಲ್ಯೂ ಹುಡುಗಿಯರಿಗೆ ಫೋನ್ ಮಾಡಿದೆ. ನಮ್ಮ 62 ಫಾರಂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ತಪ್ಪು ನಮ್ಮದು ಎಂದು ಹೇಳಿದೆ. ಅವರೂ ಕಷ್ಟದಲ್ಲಿದ್ದಾರೆ, ಪ್ರಾಜೆಕ್ಟ್ ಕೊಡುವ ದಿನ ಹತ್ತಿರ. ಆದರೂ ಇನ್ನೊಮ್ಮೆ ಬರಲು ಒಪ್ಪಿದರು. ಈ ಸಲ ಬೆಂಚಿಗೆ ಇಬ್ಬರು. ರೋಲ್ ನಂಬರ್ ಇಲ್ಲ. ಬಾಗಿಲ ಬಳಿ ಬೀಗ ಹಾಕಿದ ಡಬ್ಬ, ಕೀಲಿ ಅವರ ಹತ್ತಿರ. ಮನೆಗೆ ಒಪ್ಪಿಗೆ ಪತ್ರ ಮೊದಲೇ ಹೋಗುತ್ತದೆ. ನಾನು ಕ್ಯಾಂಟೀನಿನಲ್ಲಿ ಇರುತ್ತೇನೆ.

ಒಂದು ತೊಡಕಿದೆ. ಫಾರಂನಲ್ಲಿರುವ ಮಾತು ಹುಡುಗರಿಗೆ ತಿಳಿಯುವುದಿಲ್ಲ, ಹುಡುಗರ ಮಾತು ನಮಗೆ ತಿಳಿಯುವುದಿಲ್ಲ. ಹಾಸ್ಟೆಲ್ ತಮ್ಮಾ, ನೀನೂ ನಿನ್ನ ಗೆಳೆಯರೂ ಇವಕ್ಕೆಲ್ಲ ಏನೇನು ಅನ್ನುತ್ತೀರಿ, ಒಂದು ಪಟ್ಟಿ ಮಾಡಿ ಕೊಡುತ್ತೀಯಾ?

ಪಿಜಿ ಡಾಕ್ಟರಮ್ಮ

ಪಟ್ಟಿಯನ್ನು ಇಲ್ಲಿ ಹಾಕಬೇಡ ತಮ್ಮಾ, ಓದಿದವರಿಗೆ ಅಂಗಡಿ ವಿಳಾಸ ಕೊಟ್ಟ ಹಾಗಾಗುತ್ತದೆ. ಮೇಷ್ಟ್ರಿಗೆ ನೇರವಾಗಿ ಕಳಿಸು.

ಇನ್ನೊಂದು ಉಪಾಯ ಹೇಳುತ್ತೇನೆ ಸರ್. ಯುರೋಪಿನ ಶಾಲಾ ಸರ್ವೆಯಲ್ಲಿ ಪಟ್ಟಿಯ ನಡುವೆ ಒಂದು ಇಲ್ಲದ ಮಾದಕದ ಹೆಸರು ಸೇರಿಸಿದ್ದರು. ಅದಕ್ಕೂ ‘ಹೌದು, ತಗೊಂಡಿದ್ದೇನೆ’ ಎಂದು ಹಾಕಿದವನು ಜಂಬ ಕೊಚ್ಚುತ್ತಿದ್ದಾನೆ ಅಂತ ಲೆಕ್ಕ. ಮುಚ್ಚಿಡುವವರು ಮಾತ್ರ ಅಲ್ಲ, ಹೆಚ್ಚು ಹೇಳುವವರೂ ಇರುತ್ತಾರೆ, ಅಲ್ವಾ?

ಫಾರಂನ ಕೊನೆಯಲ್ಲಿ ಹರಿದುಕೊಂಡು ಹೋಗುವ ಹಾಗೆ ಒಂದು ಚೀಟಿ ಇರಲಿ. ಮನಸ್ಸಿನ ವಿಷಯಕ್ಕೆ ಟೆಲಿಮಾನಸ್ 14416, ಚಟ ಬಿಡಲು 14446, ತಂಬಾಕಿಗೆ 1800-112-356, ಮಕ್ಕಳಿಗೆ 1098. ತಾಲೂಕು ಆಸ್ಪತ್ರೆಯಲ್ಲಿ ಸ್ನೇಹ ಕ್ಲಿನಿಕ್ ಇದೆ ಎಂದೂ ಬರೆಯಿರಿ. 10ರಿಂದ 19 ವರ್ಷದವರಿಗಾಗಿಯೇ ಇರುವುದು. ಪ್ರತಿಯೊಬ್ಬರಿಗೂ ಕೊಡಿ. ಚೀಟಿ ಕೈಯಲ್ಲಿದ್ದವನು ಚಟದವನು ಎಂದು ಯಾರೂ ಅನ್ನಬಾರದು.

ಸಿಂಧನೂರು ಕಾರ್ನರ್

ಚೀಟಿ ಜಾಸ್ತಿ ಪ್ರಿಂಟ್ ಹಾಕಿಸಿ ಸರ್, ಒಂದು ಕಟ್ಟು ನನಗೂ ಕಳಿಸಿ. ಚಿಲ್ಲರೆ ಜೊತೆ ಕೊಡುತ್ತೇನೆ.

ಹಾಸ್ಟೆಲ್ ಹುಡುಗ

ಸರ್, ಪಟ್ಟಿ ನಿಮಗೆ ಕಳಿಸಿದ್ದೇನೆ. ರೂಮಿಂದ ರೂಮಿಗೆ ಹೋಗಿ ಕೇಳಿದೆ. ಯಾರೂ ‘ನಾನು’ ಅನ್ನಲಿಲ್ಲ, ಎಲ್ಲರೂ ‘ನಮ್ಮ ಫ್ರೆಂಡ್ ಒಬ್ಬ ಹೀಗೆ ಅಂತಾನೆ’ ಎಂದೇ ಹೇಳಿದರು. ಒಟ್ಟು 23 ಮಾತು ಸಿಕ್ಕವು. ಹದಿನೇಳನೆಯದು ಏನು ಎಂದು ನನಗೂ ಗೊತ್ತಿಲ್ಲ, ಬೇರೆ ಯಾರಿಗೂ ಗೊತ್ತಿಲ್ಲ. ಹೇಳಿದವನನ್ನೇ ಮತ್ತೆ ಕೇಳಿದೆ, ನಗುತ್ತಾನೆ. ಸುಮ್ನೆ ಹುಟ್ಟಿಸಿಕೊಂಡು ಹೇಳಿದ್ದಾನೆ ಅನ್ನಿಸುತ್ತದೆ. ತೆಗೆದುಬಿಡಲಾ?

ಗಂಗಾವತಿ ಮೇಷ್ಟ್ರು

ತೆಗೆಯಬೇಡ. ಅದೊಂದು ಇರಲೇಬೇಕು.